ಇಂಗ್ಲಿಷ್ ಡೌಟುಗಳು: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದ ಕಡೆ ಪ್ಲಸ್ ಟು ಮಕ್ಕಳಿಗೆ, ಪಿಎಸ್‌ಸಿ ಪರೀಕ್ಷೆ ಬರೆಯುವವರಿಗೆ, ಗಲ್ಫಿಗೆ ಹೊರಟವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಅದಕ್ಕೆ ಕಾರಣ ಉಂಟು. ಇಂಗ್ಲಿಷ್ ಮಾತಾಡುವಾಗಲೂ ನಮ್ಮ ತಲೆಯಲ್ಲಿ ಓಡುವುದು ಕನ್ನಡವೇ. ಕನ್ನಡದ ವಾಕ್ಯ ಎಲ್ಲಿ ಬೇರೆ ದಾರಿ ಹಿಡಿಯುತ್ತದೋ ಅಲ್ಲೇ ಎಡವುತ್ತೇವೆ. ಆ ಜಾಗಗಳನ್ನು ಗುರುತು ಮಾಡಿಕೊಂಡರೆ ಅರ್ಧ ಗ್ರಾಮರ್ ಕಲಿತ ಹಾಗೆ. ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಗಟ್ಟಿಯಾಗಿ ಓದಿ, ಕಿವಿಗೆ ಬೀಳಲಿ.

'ಐ ಹ್ಯಾವ್ ಎ ಡೌಟ್' ಅನ್ನಬಾರದಂತೆ. ಹೌದಾ ಟೀಚರ್?

ಕ್ಲಾಸಿನಲ್ಲಿ ಅನ್ನಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. 'ನನಗೊಂದು ಡೌಟ್ ಉಂಟು' ಅಂದರೆ ನಮಗೆ 'ಒಂದು ವಿಷಯ ಕೇಳಬೇಕಿತ್ತು' ಎಂದಷ್ಟೇ. ಆದರೆ ಇಂಗ್ಲೆಂಡಿನವರ ಕಿವಿಗೆ 'ಡೌಟ್' ಅಂದರೆ ನಂಬಿಕೆ ಸಾಲದು ಎಂದು. ದುಬೈಯಲ್ಲಿ ಬ್ರಿಟಿಷ್ ಮ್ಯಾನೇಜರಿಗೆ 'ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ರಿಪೋರ್ಟ್' ಎಂದು ಮೇಲ್ ಹಾಕಿದರೆ, ಅವರ ರಿಪೋರ್ಟಿನ ಮೇಲೆಯೇ ಸಂಶಯಪಟ್ಟ ಹಾಗಾಗುತ್ತದೆ. ಅಲ್ಲಿ 'ಐ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ಯುವರ್ ರಿಪೋರ್ಟ್' ಅನ್ನಿ. ಯಾರಿಗೂ ಬೇಜಾರಿಲ್ಲ.

'ಸಿನ್ಸ್' ಯಾವಾಗ, 'ಫಾರ್' ಯಾವಾಗ?

ಕನ್ನಡದಲ್ಲಿ 'ಐದು ವರ್ಷದಿಂದ' ಎನ್ನುತ್ತೇವೆ, '2019ರಿಂದ' ಎಂದೂ ಎನ್ನುತ್ತೇವೆ. ಎರಡಕ್ಕೂ 'ಇಂದ' ಒಂದೇ ಸಾಕು. ಇಂಗ್ಲಿಷಿಗೆ ಸಾಲುವುದಿಲ್ಲ. ಶುರುವಾದ ಹೊತ್ತನ್ನು ಹೇಳಿದರೆ 'ಸಿನ್ಸ್': ಸಿನ್ಸ್ 2019, ಸಿನ್ಸ್ ಮಂಡೇ, ಸಿನ್ಸ್ ಲಾಸ್ಟ್ ಓಣಂ. ಎಷ್ಟು ಕಾಲ ಎಂದು ಹೇಳಿದರೆ 'ಫಾರ್': ಫಾರ್ ಫೈವ್ ಇಯರ್ಸ್, ಫಾರ್ ಎ ವೀಕ್. ಕ್ಯಾಲೆಂಡರಿನಲ್ಲಿ ಒಂದು ಜಾಗಕ್ಕೆ ಬೆರಳಿಟ್ಟು 'ಇಲ್ಲಿಂದ' ಎಂದು ತೋರಿಸಲು ಆಗುತ್ತದಾ? ಹಾಗಾದರೆ 'ಸಿನ್ಸ್'.

ಇದರ ಬೆನ್ನಿಗೇ ಇನ್ನೊಂದು ತಪ್ಪು ಬರುತ್ತದೆ. 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್' ಎಂಬಲ್ಲಿ 'ಸಿನ್ಸ್' ಮಾತ್ರ ತಿದ್ದಿದರೆ ಸಾಲದು. ಅಂದು ಶುರುವಾಗಿ ಇಂದೂ ನಡೆಯುತ್ತಿರುವ ಕೆಲಸಕ್ಕೆ 'ಹ್ಯಾವ್ ಬೀನ್' ಬೇಕು. 'ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್.' ಇಂಟರ್‌ವ್ಯೂಗೆ ಹೋಗುವವರು ಇನ್ನೂ ಒಂದು ನೆನಪಿಡಿ. 'ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್' ಅಂದರೆ ಆ ಕೆಲಸ ಬಿಟ್ಟಾಯಿತು ಎಂದರ್ಥ. ಈಗಲೂ ಅಲ್ಲೇ ಇದ್ದರೆ ಹಾಗೆ ಹೇಳಬೇಡಿ.

'ನಿನ್ನೆ ಮಂಗಳೂರಿಗೆ ಹೋಗಿದ್ದೆ' ಅನ್ನಲು 'ಐ ಹ್ಯಾಡ್ ಗಾನ್' ಅಂದರೆ ಎಂತ ತಪ್ಪು?

ಕಾಸರಗೋಡಿನ ಇಂಗ್ಲಿಷಿನಲ್ಲಿ ನಾನು ಅತಿ ಹೆಚ್ಚು ಕೇಳುವ ತಪ್ಪು ಇದೇ. ಮೂಲ ಕನ್ನಡದಲ್ಲಿ ಉಂಟು. 'ನಿನ್ನೆ ಮಂಗಳೂರಿಗೆ ಹೋಗಿದ್ದೆ' ಎನ್ನುವುದು ನಮಗೆ ಅತ್ಯಂತ ಸಹಜ. ಹೋದದ್ದೂ ಬಂದದ್ದೂ ಎರಡೂ ಅದರಲ್ಲಿ ಸೇರಿಹೋಗುತ್ತದೆ. ಅದನ್ನು ತುಂಡು ತುಂಡು ಮಾಡಿ 'ಹೋಗಿ' 'ಇದ್ದೆ' ಎಂದು ಇಂಗ್ಲಿಷಿಗೆ ಸಾಗಿಸಿದರೆ 'ಹ್ಯಾಡ್ ಗಾನ್' ಆಗುತ್ತದೆ. ಆದರೆ ಇಂಗ್ಲಿಷಿನಲ್ಲಿ 'ಹ್ಯಾಡ್' ಒಂಟಿಯಾಗಿ ಬರುವುದಿಲ್ಲ. ಹಿಂದೆ ನಡೆದ ಎರಡು ಸಂಗತಿಗಳಲ್ಲಿ ಮೊದಲು ಆದದ್ದಕ್ಕೆ ಅದು. 'ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೈನ್ ಹ್ಯಾಡ್ ಲೆಫ್ಟ್.' ನಾನು ಮುಟ್ಟುವ ಮೊದಲೇ ರೈಲು ಹೋಗಿಯಾಗಿತ್ತು. ಸುಮ್ನೆ ನಿನ್ನೆಯ ವಿಷಯ ಹೇಳುವುದಾದರೆ 'ಐ ವೆಂಟ್ ಟು ಮಂಗಳೂರು ಯೆಸ್ಟರ್‌ಡೇ' ಸಾಕು. 'ಹ್ಯಾಡ್ ಗಾನ್' ಎಂದು ನಿಲ್ಲಿಸಿದರೆ ಕೇಳುವವರು 'ಆಮೇಲೆ ಎಂತಾಯಿತು?' ಎಂದು ಕಾಯುತ್ತಾ ಕುಳಿತಿರುತ್ತಾರೆ.

ಇದರ ತಮ್ಮನೂ ಒಬ್ಬ ಇದ್ದಾನೆ. 'ನಿನ್ನೆ ಅರ್ಜಿ ಕೊಟ್ಟಿದ್ದೇನೆ' ಎನ್ನಲು 'ಐ ಹ್ಯಾವ್ ಸಬ್ಮಿಟೆಡ್ ದ ಅಪ್ಲಿಕೇಶನ್ ಯೆಸ್ಟರ್‌ಡೇ' ಎನ್ನುವುದು. 'ಹ್ಯಾವ್' ಜೊತೆ 'ಯೆಸ್ಟರ್‌ಡೇ', 'ಲಾಸ್ಟ್ ವೀಕ್', 'ಇನ್ 2020' ಕೂಡಿ ಬರುವುದಿಲ್ಲ. ದಿನ ಹೇಳಬೇಕಾದರೆ 'ಐ ಸಬ್ಮಿಟೆಡ್ ಇಟ್ ಯೆಸ್ಟರ್‌ಡೇ'. ಕೊಟ್ಟಾಗಿದೆ ಎಂಬುದಷ್ಟೇ ಮುಖ್ಯವಾದರೆ 'ಐ ಹ್ಯಾವ್ ಸಬ್ಮಿಟೆಡ್ ಇಟ್'.

'ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್' ಅಂದರೆ ನಗುತ್ತಾರೆ. ಯಾಕೆ?

'ಇಂಗ್' ಇರುವುದು ನಡೆಯುತ್ತಿರುವ ಕೆಲಸಕ್ಕೆ. ಅಣ್ಣತಮ್ಮಂದಿರು ಇರುವುದು ಕೆಲಸ ಅಲ್ಲ, ಅದೊಂದು ಸ್ಥಿತಿ. ಹಾಗಾಗಿ 'ಐ ಹ್ಯಾವ್ ಟೂ ಬ್ರದರ್ಸ್'. ನೋ, ಅಂಡರ್‌ಸ್ಟ್ಯಾಂಡ್, ಬಿಲೀವ್, ಲೈಕ್, ವಾಂಟ್, ಬಿಲಾಂಗ್ ಕೂಡ ಹೀಗೇ. 'ಐ ಆ್ಯಮ್ ನೋಯಿಂಗ್ ಮಲಯಾಳಂ' ಅಲ್ಲ, 'ಐ ನೋ ಮಲಯಾಳಂ'. 'ಹ್ಯಾವಿಂಗ್ ಲಂಚ್' ಮಾತ್ರ ಸರಿ, ಯಾಕೆಂದರೆ ಊಟ ಕೆಲಸವೇ ತಾನೆ?

'ಎ' ಮತ್ತು 'ಆ್ಯನ್' ಗೊಂದಲ ಮುಗಿಯುವುದೇ ಇಲ್ಲ. ಸುಲಭ ದಾರಿ ಉಂಟಾ?

ಉಂಟು, ಅದೂ ಕನ್ನಡ ಬಲ್ಲವರಿಗೆ ಮಾತ್ರ ಸಿಗುವ ದಾರಿ. ಶಬ್ದವನ್ನು ಕನ್ನಡದಲ್ಲಿ ಬರೆದು ನೋಡಿ. ಮೊದಲ ಅಕ್ಷರ ಸ್ವರವಾದರೆ 'ಆ್ಯನ್', ವ್ಯಂಜನವಾದರೆ 'ಎ'. ಇಂಗ್ಲಿಷ್ ಸ್ಪೆಲ್ಲಿಂಗ್ ಮೋಸ ಮಾಡುತ್ತದೆ, ಕನ್ನಡ ಲಿಪಿ ಉಚ್ಚಾರವನ್ನೇ ಹಿಡಿಯುತ್ತದೆ. ಯೂನಿವರ್ಸಿಟಿ ಎಂದು ಬರೆದರೆ ಮೊದಲಿಗೆ 'ಯ' ಬಂತು, ಆದ್ದರಿಂದ 'ಎ ಯೂನಿವರ್ಸಿಟಿ'. ಅವರ್ ಎಂದು ಬರೆದರೆ 'ಅ' ಬಂತು, ಆದ್ದರಿಂದ 'ಆ್ಯನ್ ಅವರ್'. ಸ್ಪೆಲ್ಲಿಂಗಿನಲ್ಲಿ 'ಎಚ್' ಇದ್ದರೂ ಲೆಕ್ಕಕ್ಕಿಲ್ಲ.

ಚಿಕ್ಕ ಹೆಸರುಗಳಿಗೆ ಇದು ಇನ್ನೂ ಚೆನ್ನಾಗಿ ಹೊಂದುತ್ತದೆ. ಆ್ಯನ್ ಎಸ್‌ಎಸ್‌ಎಲ್‌ಸಿ ಸರ್ಟಿಫಿಕೇಟ್. ಆ್ಯನ್ ಎಂಎಲ್‌ಎ. ಆ್ಯನ್ ಎನ್‌ಆರ್‌ಐ ಅಕೌಂಟ್. ಆ್ಯನ್ ಎಲ್‌ಐಸಿ ಏಜೆಂಟ್. ಆದರೆ ಎ ಪಿಎಸ್‌ಸಿ ಎಕ್ಸಾಮ್, ಎ ಯುಎಇ ವೀಸಾ, ಎ ಕೆಎಸ್‌ಆರ್‌ಟಿಸಿ ಬಸ್.

ಎರಡು ಎಚ್ಚರಿಕೆ. 'ಒನ್' ಎಂದು ಬರೆಯುವ ಅಭ್ಯಾಸ ಕೆಲವರಿಗೆ ಉಂಟು, ಉಚ್ಚಾರ 'ವನ್'. ಆದ್ದರಿಂದ 'ಎ ವನ್ ಡೇ ಟ್ರಿಪ್'. ಮತ್ತೆ ನಮ್ಮ ಬಾಯಲ್ಲಿ 'ಎಗ್' ಎನ್ನುವುದು 'ಯೆಗ್' ಆಗುವುದುಂಟು. ಬಾಯಿಯ 'ಯ' ಬಿಟ್ಟುಬಿಡಿ, 'ಆ್ಯನ್ ಎಗ್' ಸರಿ.

ಅಣ್ಣ ಗಲ್ಫಿನಲ್ಲಿದ್ದಾನೆ. 'ಹಿ ಈಸ್ ಇನ್ ಗಲ್ಫ್' ಸರಿಯಲ್ವಾ?

'ಇನ್ ದ ಗಲ್ಫ್' ಆಗಬೇಕು. ಕನ್ನಡದಲ್ಲಿ 'ದ' ಎಂಬುದೇ ಇಲ್ಲ. ಹಾಗಾಗಿ ಎಲ್ಲಿ ಹಾಕಬೇಕು ಎಂಬುದು ಅಂದಾಜಿನಲ್ಲೇ ನಡೆಯುತ್ತದೆ. ಜಾಗದ ಹೆಸರುಗಳಿಗೆ ಒಂದು ಲೆಕ್ಕ ಉಂಟು. ನದಿ, ಸಮುದ್ರ, ಬೆಟ್ಟದ ಸಾಲು, ಕೊಲ್ಲಿಗೆ 'ದ' ಬೇಕು: ದ ಚಂದ್ರಗಿರಿ, ದ ಅರೇಬಿಯನ್ ಸೀ, ದ ವೆಸ್ಟರ್ನ್ ಘಾಟ್ಸ್. ಊರು, ಜಿಲ್ಲೆ, ಹೆಚ್ಚಿನ ದೇಶಗಳಿಗೆ ಬೇಡ: ಕುಂಬಳೆ, ಕೇರಳ, ಒಮಾನ್, ಕತಾರ್. ದೇಶದ ಹೆಸರಿನಲ್ಲಿ 'ಯುನೈಟೆಡ್' ಇದ್ದರೆ 'ದ' ಬರುತ್ತದೆ. ಹಾಗಾಗಿ ದುಬೈಗೆ 'ದ' ಇಲ್ಲ, ಯುಎಇಗೆ ಉಂಟು. ಬೇಕಲ ಕೋಟೆಗೆ ಬೇಡ, 'ಬೇಕಲ್ ಫೋರ್ಟ್' ಸಾಕು. ರೈಲಿಗೆ ಬೇಕು: ದ ಪರಶುರಾಮ್ ಎಕ್ಸ್‌ಪ್ರೆಸ್.

ಡಾಕ್ಟರು 'ಯು ಹ್ಯಾವಂಟ್ ಈಟನ್ ಎನಿಥಿಂಗ್?' ಅಂತ ಕೇಳಿದರು. ನಾನು 'ಯೆಸ್' ಅಂದೆ. ಸಮಸ್ಯೆ ಎಂತ?

ಇದು ಬರೀ ಗ್ರಾಮರ್ ವಿಷಯ ಅಲ್ಲ, ಸ್ವಲ್ಪ ಅಪಾಯದ ವಿಷಯವೂ ಹೌದು. ನಮ್ಮವರು ಮಂಗಳೂರಿನ ಆಸ್ಪತ್ರೆಗೆ ಹೋಗುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. 'ಏನೂ ತಿಂದಿಲ್ವಾ?' ಎಂದು ಕನ್ನಡದಲ್ಲಿ ಕೇಳಿದರೆ 'ಹೌದು, ತಿಂದಿಲ್ಲ' ಎನ್ನುತ್ತೇವೆ. ಕೇಳಿದವರ ಮಾತಿಗೆ ಒಪ್ಪಿಗೆ ಕೊಡುವುದು ನಮ್ಮ 'ಹೌದು'. ಇಂಗ್ಲಿಷಿನ 'ಯೆಸ್' ಹಾಗಲ್ಲ. ಅದು ಪ್ರಶ್ನೆಯನ್ನು ನೋಡುವುದಿಲ್ಲ, ನಡೆದದ್ದನ್ನು ನೋಡುತ್ತದೆ. ತಿಂದಿದ್ದರೆ 'ಯೆಸ್, ಐ ಹ್ಯಾವ್'. ತಿಂದಿಲ್ಲದಿದ್ದರೆ 'ನೋ, ಐ ಹ್ಯಾವಂಟ್'. ಬರೀ 'ಯೆಸ್' ಅಂದರೆ ಕನ್ನಡ ಬಲ್ಲ ಸಿಸ್ಟರ್ ತಿಂದಿಲ್ಲ ಎಂದುಕೊಳ್ಳುತ್ತಾರೆ, ಇನ್ನೊಬ್ಬರು ತಿಂದಿದ್ದಾರೆ ಎಂದುಕೊಳ್ಳುತ್ತಾರೆ.

'ಡೋಂಟ್', 'ಹ್ಯಾವಂಟ್', 'ಈಸಂಟ್' ಇರುವ ಪ್ರಶ್ನೆ ಬಂದಾಗ ಒಂದೇ ಶಬ್ದದಲ್ಲಿ ಉತ್ತರ ಕೊಡಬೇಡಿ. 'ಐ ಹ್ಯಾವಂಟ್ ಈಟನ್ ಸಿನ್ಸ್ ಲಾಸ್ಟ್ ನೈಟ್' ಎಂದು ವಾಕ್ಯ ಪೂರ್ತಿ ಮಾಡಿ. ಅಲರ್ಜಿ, ಮಾತ್ರೆ, ಹಳೆಯ ಆಪರೇಷನ್ ಬಗ್ಗೆ ಕೇಳುವಾಗಲೂ ಹಾಗೇ. ಕನ್ನಡ ಬರುವವರಾದರೆ ಸುಮ್ನೆ ಕನ್ನಡದಲ್ಲೇ ಹೇಳಿ. ಅಲ್ಲಿ ಇಂಗ್ಲಿಷ್ ತೋರಿಸಿ ಆಗಬೇಕಾದ್ದು ಏನೂ ಇಲ್ಲ.

ಎಲ್ಲದಕ್ಕೂ 'ಈಸಂಟ್ ಇಟ್?' ಹಾಕಬಹುದಾ?

ನಮ್ಮ 'ಅಲ್ವಾ' ಎಲ್ಲದಕ್ಕೂ ಹೊಂದುತ್ತದೆ. ಅದರ ಇಂಗ್ಲಿಷ್ ಜೋಡಿ ಹೊಂದುವುದಿಲ್ಲ. 'ಯು ಆರ್ ಕಮಿಂಗ್' ಬಂದರೆ 'ಆರಂಟ್ ಯು?', 'ಶಿ ವೆಂಟ್' ಬಂದರೆ 'ಡಿಡಂಟ್ ಶಿ?'. ಮುಂದೆ ಏನಿತ್ತೋ ಅದನ್ನೇ ತಿರುಗಿಸಬೇಕು. ಮಾತಿನ ನಡುವೆ ಇಷ್ಟೆಲ್ಲ ಲೆಕ್ಕ ಹಾಕಲು ಆಗದಿದ್ದರೆ 'ರೈಟ್?' ಅನ್ನಿ. ಅದು ಎಲ್ಲ ಕಡೆಗೂ ನಡೆಯುತ್ತದೆ.

ಪರೀಕ್ಷೆಯಲ್ಲಿ ಮಾತ್ರ 'ರೈಟ್' ನಡೆಯುವುದಿಲ್ಲ. ಇಂಥ ಪರೀಕ್ಷೆ ಬರೆಯುವವರು ಈ ಕೆಲವನ್ನು ಬಾಯಿಪಾಠ ಮಾಡಿಕೊಳ್ಳಿ. 'ಲೆಟ್ಸ್ ಗೋ' ಬಂದರೆ 'ಶಲ್ ವಿ?'. 'ಐ ಆ್ಯಮ್ ಲೇಟ್' ಬಂದರೆ 'ಆರಂಟ್ ಐ?'. 'ನೋಬಡಿ ಕೇಮ್' ಬಂದರೆ 'ಡಿಡ್ ದೇ?', ಯಾಕೆಂದರೆ 'ನೋಬಡಿ'ಯಲ್ಲೇ ಇಲ್ಲ ಎಂಬುದು ಸೇರಿದೆ. 'ಫ್ಯೂ ಪೀಪಲ್ ಕೇಮ್' ಅಂದರೆ ಬಂದವರೇ ಕಮ್ಮಿ ಎಂದು, ಅದಕ್ಕೂ 'ಡಿಡ್ ದೇ?'. 'ಎ ಫ್ಯೂ ಪೀಪಲ್ ಕೇಮ್' ಅಂದರೆ ಕೆಲವರಾದರೂ ಬಂದರು ಎಂದು, ಅದಕ್ಕೆ 'ಡಿಡಂಟ್ ದೇ?'. ಆ ಒಂದು 'ಎ' ನೋಡದೆ ಮಾರ್ಕು ಕಳಕೊಳ್ಳುವವರು ತುಂಬಾ ಜನ.

ಹೆಡ್‌ಮಾಷ್ಟ್ರಿಗೆ 'ಹಿ' ಅನ್ನಲು ಮನಸ್ಸು ಬರುವುದಿಲ್ಲ. 'ದೇ' ಅನ್ನಬಹುದಾ?

ಬೇಡ. 'ಅವರು' ಎಂಬ ಗೌರವದ ಬಹುವಚನ ಇಂಗ್ಲಿಷಿನಲ್ಲಿ ಇಲ್ಲ. 'ಅವನು', 'ಅವರು' ಎರಡಕ್ಕೂ 'ಹಿ' ಒಂದೇ. ಅದರಲ್ಲಿ ಅಗೌರವ ಇಲ್ಲ. 'ಅವ' ಎಂದ ಹಾಗೆ ಕೇಳಿಸುವುದು ನಮ್ಮ ಕಿವಿಗೆ ಮಾತ್ರ. ಇಂಗ್ಲಿಷಿನವರು ಗೌರವವನ್ನು ಬೇರೆ ಕಡೆ ಇಡುತ್ತಾರೆ. 'ಕ್ಯಾನ್ ಯು' ಬದಲು 'ಕುಡ್ ಯು', 'ಐ ವಾಂಟ್' ಬದಲು 'ಐ ವುಡ್ ಲೈಕ್'. 'ಗಿವ್ ಮಿ ಎ ಫಾರ್ಮ್' ಎಂದು ಕೇಳುವುದು ನಮ್ಮಲ್ಲಿ 'ಏಯ್, ಫಾರ್ಮ್ ಕೊಡು' ಅಂದಷ್ಟೇ ಒರಟು. 'ಕುಡ್ ಐ ಹ್ಯಾವ್ ಎ ಫಾರ್ಮ್, ಪ್ಲೀಸ್?' ಎಂದರೆ 'ಒಂದು ಫಾರ್ಮ್ ಕೊಡುತ್ತೀರಾ' ಅಂದ ಹಾಗೆ.

ಷಡ್ಡಕ, ಓರಗಿತ್ತಿ, ಭಾವ, ಮೈದುನ. ಇವರನ್ನೆಲ್ಲ ಪರಿಚಯ ಮಾಡುವುದು ಹೇಗೆ?

ಇಂಗ್ಲಿಷ್ ಈ ವಿಷಯದಲ್ಲಿ ಬಡಭಾಷೆ. ಭಾವ, ಮೈದುನ, ಷಡ್ಡಕ ಎಲ್ಲರೂ 'ಬ್ರದರ್ ಇನ್ ಲಾ'. ಅತ್ತಿಗೆ, ನಾದಿನಿ, ಓರಗಿತ್ತಿ ಎಲ್ಲರೂ 'ಸಿಸ್ಟರ್ ಇನ್ ಲಾ'. 'ಕೋ ಬ್ರದರ್', 'ಕೋ ಸಿಸ್ಟರ್' ನಮ್ಮ ದಕ್ಷಿಣದ ಕಡೆಯವರು ಕಟ್ಟಿದ ಶಬ್ದಗಳು. ಇಲ್ಲಿಯವರಿಗೆ ಅರ್ಥವಾಗುತ್ತದೆ, ಹೊರಗಿನವರಿಗೆ ಆಗುವುದಿಲ್ಲ. ಸಂಬಂಧ ಸರಿಯಾಗಿ ಗೊತ್ತಾಗಬೇಕಾದರೆ 'ಮೈ ವೈಫ್ಸ್ ಸಿಸ್ಟರ್ಸ್ ಹಸ್ಬೆಂಡ್' ಎಂದು ಬಿಡಿಸಿ ಹೇಳಿ. ಚಿಕ್ಕಪ್ಪನ ಮಗ 'ಕಸಿನ್ ಬ್ರದರ್' ಅಲ್ಲ, ಬರೀ 'ಕಸಿನ್'. ನಮಗೆ ಅದು ಸ್ವಲ್ಪ ಬೋಳು ಬೋಳು ಅನಿಸುತ್ತದೆ, ಏನು ಮಾಡುವುದು.

'ಹಿಯರ್ ಓನ್ಲಿ', 'ಟುಡೇ ಮಾರ್ನಿಂಗ್', 'ಹಾಟ್ ಹಾಟ್ ಟೀ'. ಇದರಲ್ಲಿ ಯಾವುದು ಸರಿ?

ಮೂರೂ ಕನ್ನಡವೇ, ಬಟ್ಟೆ ಮಾತ್ರ ಇಂಗ್ಲಿಷಿನದು. 'ಇಲ್ಲೇ' ಎಂಬುದರ 'ಏ' ಒತ್ತು ಕೊಡಲು ಬರುವುದು. ಇಂಗ್ಲಿಷಿನ 'ಓನ್ಲಿ' ಅಂದರೆ 'ಮಾತ್ರ'. 'ಐ ಆ್ಯಮ್ ಹಿಯರ್ ಓನ್ಲಿ' ಬದಲು 'ಐ ಆ್ಯಮ್ ರೈಟ್ ಹಿಯರ್'. 'ನಿನ್ನೆಯಷ್ಟೇ' ಎನ್ನಲು 'ಜಸ್ಟ್ ಯೆಸ್ಟರ್‌ಡೇ'. ಇವತ್ತು ಬೆಳಿಗ್ಗೆ 'ದಿಸ್ ಮಾರ್ನಿಂಗ್', ನಿನ್ನೆ ರಾತ್ರಿ 'ಲಾಸ್ಟ್ ನೈಟ್'. ಆದರೆ 'ಟುಮಾರೋ ಮಾರ್ನಿಂಗ್', 'ಯೆಸ್ಟರ್‌ಡೇ ಮಾರ್ನಿಂಗ್' ಎರಡೂ ಸರಿ. ಯಾಕೆ ಹೀಗೆ ಎಂದು ಕೇಳಬೇಡಿ, ಭಾಷೆಗೆ ತನ್ನದೇ ಹಟ ಉಂಟು. ಬಿಸಿ ಬಿಸಿ ಚಹಾಕ್ಕೆ 'ಪೈಪಿಂಗ್ ಹಾಟ್ ಟೀ' ಎನ್ನಬಹುದು, ಸಣ್ಣ ಸಣ್ಣ ಮನೆಗಳಿಗೆ 'ಲಿಟಲ್ ಹೌಸಸ್' ಸಾಕು.

'ವೇರ್ ಯು ಆರ್ ಗೋಯಿಂಗ್?' ಎಂದು ಕೇಳಿದರೆ ಅರ್ಥ ಆಗುವುದಿಲ್ವಾ?

ಅರ್ಥ ಆಗುತ್ತದೆ, ಆದರೆ ಕಿವಿಗೆ ಚುಚ್ಚುತ್ತದೆ. 'ನೀನು ಎಲ್ಲಿಗೆ ಹೋಗುತ್ತೀ' ಎಂಬಲ್ಲಿ ಪ್ರಶ್ನೆ ಎಂದು ಶಬ್ದಗಳ ಸಾಲು ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಬದಲಾಗುತ್ತದೆ: 'ವೇರ್ ಆರ್ ಯು ಗೋಯಿಂಗ್?'

ಇದನ್ನು ಕಲಿತ ಮೇಲೆ ಮಕ್ಕಳು ಇನ್ನೊಂದು ಹೊಂಡಕ್ಕೆ ಬೀಳುತ್ತಾರೆ. 'ಐ ಡೋಂಟ್ ನೋ ವೇರ್ ಈಸ್ ಹಿ' ಎನ್ನುತ್ತಾರೆ. ದೊಡ್ಡ ವಾಕ್ಯದ ಒಳಗೆ ಪ್ರಶ್ನೆ ಕುಳಿತರೆ ಅದು ಪ್ರಶ್ನೆಯಲ್ಲ, ಸಾಲು ತಿರುಗಿಸಬಾರದು. 'ಐ ಡೋಂಟ್ ನೋ ವೇರ್ ಹಿ ಈಸ್.' 'ಕುಡ್ ಯು ಟೆಲ್ ಮಿ ವೇರ್ ದ ವಿಲೇಜ್ ಆಫೀಸ್ ಈಸ್?' ಮೊದಮೊದಲು ನಾಲಿಗೆ ತೊಡರುತ್ತದೆ. ದಾರಿ ಕೇಳುವ ಈ ಒಂದು ವಾಕ್ಯವನ್ನೇ ಉರು ಹೊಡೆಯಿರಿ, ಉಳಿದದ್ದು ಅದರ ಹಿಂದೆ ಬರುತ್ತದೆ.

ಅದೇ ಕಡೆಯ ಇನ್ನೊಂದು ತಪ್ಪು: 'ಡಿಡ್ ಯು ಏಟ್?' 'ಡಿಡ್' ಬಂದ ಮೇಲೆ ಹಿಂದಿನ ಕಾಲ ಅಲ್ಲಿಗೆ ಮುಗಿಯಿತು. 'ಡಿಡ್ ಯು ಈಟ್?', 'ಐ ಡಿಡಂಟ್ ಗೋ'.

'ಡಿಸ್ಕಸ್ ಅಬೌಟ್' ತಪ್ಪಂತೆ. ಹಾಗಾದರೆ 'ಬಗ್ಗೆ' ಎಲ್ಲಿಗೆ ಹೋಯಿತು?

'ಡಿಸ್ಕಸ್' ಒಳಗೇ ಹೋಯಿತು. 'ವಿ ಡಿಸ್ಕಸ್ಡ್ ದ ರೋಡ್ ಪ್ರಾಬ್ಲಮ್' ಅಷ್ಟೇ. ಇದೇ ರೀತಿ 'ರೀಚ್ಡ್ ಕಾಸರಗೋಡ್', ನಡುವೆ 'ಟು' ಬೇಡ. 'ಎಂಟರ್ಡ್ ದ ರೂಮ್', 'ಇನ್‌ಟು' ಬೇಡ. 'ರಿಟರ್ನ್ಡ್', 'ಬ್ಯಾಕ್' ಬೇಡ. ಕೆಲವಕ್ಕೆ ಇಲ್ಲದ್ದು ಬೇಕು: 'ಎಕ್ಸ್‌ಪ್ಲೇನ್ ಮಿ' ಅಲ್ಲ, 'ಎಕ್ಸ್‌ಪ್ಲೇನ್ ಇಟ್ ಟು ಮಿ'. 'ರಿಪ್ಲೈ ಮಿ' ಅಲ್ಲ, 'ರಿಪ್ಲೈ ಟು ಮಿ'. ಯಾರ ಜೊತೆ ಮದುವೆ? ಕನ್ನಡದಲ್ಲಿ 'ಜೊತೆ', ಇಂಗ್ಲಿಷಿನಲ್ಲಿ 'ಮ್ಯಾರಿಡ್ ಟು'. ಇದಕ್ಕೆಲ್ಲ ನಿಯಮ ಹುಡುಕಿ ಸುಸ್ತಾಗಬೇಡಿ. ಹೊಸ ಕ್ರಿಯಾಪದ ಕಲಿಯುವಾಗ ಅದರ ಬಾಲವನ್ನೂ ಜೊತೆಗೇ ಕಲಿಯಿರಿ.

'ಲಗೇಜಸ್', 'ಫರ್ನಿಚರ್ಸ್' ಅನ್ನಬಾರದು ಎಂದರೆ ಜಾಸ್ತಿ ಇದ್ದಾಗ ಎಂತ ಅನ್ನುವುದು?

'ತ್ರೀ ಪೀಸಸ್ ಆಫ್ ಲಗೇಜ್' ಅಥವಾ 'ತ್ರೀ ಬ್ಯಾಗ್ಸ್'. ಇನ್‌ಫರ್ಮೇಶನ್, ಅಡ್ವೈಸ್, ಎಕ್ವಿಪ್‌ಮೆಂಟ್, ನ್ಯೂಸ್, ಇವಕ್ಕೂ ಲೆಕ್ಕ ಇಲ್ಲ. 'ನ್ಯೂಸ್' ಕೊನೆಯಲ್ಲಿ 'ಎಸ್' ಇದ್ದರೂ 'ದ ನ್ಯೂಸ್ ಈಸ್ ಗುಡ್'. ಕಲಿಯುವವರಿಗಾಗಿ ಮಾಡಿದ ಡಿಕ್ಷನರಿಗಳಲ್ಲಿ ಪ್ರತಿ ನಾಮಪದದ ಪಕ್ಕ 'ಸಿ' ಅಥವಾ 'ಯು' ಎಂಬ ಗುರುತು ಇರುತ್ತದೆ. 'ಸಿ' ಎಣಿಸುವಂಥದ್ದು, 'ಯು' ಎಣಿಸಲಾಗದ್ದು. ಡಿಕ್ಷನರಿ ಕೊಳ್ಳುವಾಗ ಈ ಗುರುತು ಉಂಟಾ ನೋಡಿ ಕೊಳ್ಳಿ. ಕಿಟೆಲ್ ಅವರ 1894ರ ನಿಘಂಟು ಮನೆಯಲ್ಲಿದ್ದರೆ ಪುಣ್ಯ, ಆದರೆ ಅದು ಕನ್ನಡ ಶಬ್ದ ತಿಳಿಯಲು. ಅದರ ಇಂಗ್ಲಿಷ್ ಆ ಕಾಲದ್ದು.

ಒಂದು ಸಣ್ಣ ವಿಷಯ ಇಲ್ಲೇ ಸೇರಿಸುತ್ತೇನೆ. 'ವನ್ ಆಫ್ ಮೈ ಫ್ರೆಂಡ್' ಅಲ್ಲ, 'ಫ್ರೆಂಡ್ಸ್'. ಹಲವರಲ್ಲಿ ಒಬ್ಬ ತಾನೆ?

ಅಡಿಕೆಗೆ 'ಬೀಟಲ್ ನಟ್' ಸರಿಯಾ, 'ಅರಿಕಾ ನಟ್' ಸರಿಯಾ? ಕುಚ್ಚಲಕ್ಕಿಗೆ?

'ಅರಿಕಾ ನಟ್'. 'ಬೀಟಲ್' ಅಂದರೆ ವೀಳ್ಯದೆಲೆ. ಎರಡನ್ನೂ ಒಟ್ಟಿಗೆ ಜಗಿಯುವುದನ್ನು ಕಂಡ ಯುರೋಪಿನವರು ಎಲೆಯ ಹೆಸರನ್ನು ಅಡಿಕೆಗೂ ಅಂಟಿಸಿಬಿಟ್ಟರು. ತಮಾಷೆ ಎಂದರೆ 'ಅರಿಕಾ' ನಮ್ಮ ಕರಾವಳಿಯದೇ ಶಬ್ದ. ಮಲಯಾಳದ ಅಡಕ್ಕ, ಕನ್ನಡದ ಅಡಿಕೆ ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಹೋಯಿತು. ಇಲ್ಲಿಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಕಾಗದಗಳಲ್ಲಿ, ಮಂಗಳೂರಿನ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಹೆಸರಿನಲ್ಲಿ 'ಅರಿಕಾನಟ್' ಎಂದು ಒಂದೇ ಪದವಾಗಿ ಬರೆಯುತ್ತಾರೆ. ಅರ್ಜಿಯಲ್ಲಿ ಹಾಗೇ ಬರೆಯಿರಿ.

ಭತ್ತ 'ಪ್ಯಾಡಿ'. ಅಕ್ಕಿ, ಅನ್ನ ಎರಡೂ 'ರೈಸ್', ಬೇರೆ ತೋರಿಸಬೇಕಾದರೆ ಅನ್ನಕ್ಕೆ 'ಕುಕ್ಡ್ ರೈಸ್'. ಕುಚ್ಚಲಕ್ಕಿಗೆ ರೇಷನ್ ಅಂಗಡಿಯಲ್ಲಿ 'ಬಾಯ್ಲ್ಡ್ ರೈಸ್' ಎನ್ನುತ್ತಾರೆ. ವಿದೇಶದವರು ಅದನ್ನು ಅನ್ನ ಎಂದುಕೊಳ್ಳುತ್ತಾರೆ. ಅವರಿಗೆ 'ಪಾರ್‌ಬಾಯ್ಲ್ಡ್ ರೈಸ್' ಅನ್ನಿ. ಬೆಳ್ತಿಗೆಗೆ 'ಪ್ಲೇನ್ ವೈಟ್ ರೈಸ್' ಸಾಕು.

ಬಸ್ಸಿಗೆ 'ಆನ್', ಆಟೋಗೆ 'ಇನ್' ಯಾಕೆ?

ಒಳಗೆ ಎದ್ದು ನಡೆದಾಡಲು ಆಗುವ ವಾಹನಕ್ಕೆ 'ಆನ್': ಆನ್ ದ ಬಸ್, ಆನ್ ದ ಟ್ರೈನ್, ಆನ್ ದ ಪ್ಲೇನ್. ನಡೆದಾಡಲು ಆಗದ್ದಕ್ಕೆ 'ಇನ್': ಇನ್ ಆ್ಯನ್ ಆಟೋ, ಇನ್ ದ ಕಾರ್. ಬೈಕಿಗೆ ಮೇಲೆಯೇ ಕೂರುವುದರಿಂದ 'ಆನ್'.

ಬ್ಯಾಂಕಿಗೆ, ಪಂಚಾಯತ್ತಿಗೆ ಲೆಟರ್ ಬರೆಯುವಾಗ 'ಐ ಬೆಗ್ ಟು ಸ್ಟೇಟ್' ಹಾಕಬೇಕಾ?

ಬೇಡ. ಬೇಡಿಕೊಳ್ಳುವ ಕಾಲ ಹೋಯಿತು. 'ಡಿಯರ್ ಸರ್' ಅಥವಾ 'ಡಿಯರ್ ಮೇಡಂ' ಎಂದು ಶುರು ಮಾಡಿ. ಮೊದಲ ವಾಕ್ಯದಲ್ಲೇ ಎಂತ ಬೇಕು ಎಂದು ಹೇಳಿ: 'ಐ ಆ್ಯಮ್ ರೈಟಿಂಗ್ ಟು ರಿಕ್ವೆಸ್ಟ್ ಎ ಕಾಪಿ ಆಫ್ ಮೈ ಲೋನ್ ಸ್ಟೇಟ್‌ಮೆಂಟ್.' ಅಕೌಂಟ್ ನಂಬರ್, ತಾರೀಕು ಕೂಡಲೇ ಬರಲಿ. ಕೊನೆಗೆ 'ಡೂ ದ ನೀಡ್‌ಫುಲ್' ಬದಲು ಮಾಡಬೇಕಾದ ಕೆಲಸವನ್ನೇ ಬರೆಯಿರಿ. 'ನೀಡ್‌ಫುಲ್' ಎಂದರೆ ಯಾವುದು ಎಂದು ಕ್ಲರ್ಕಿಗೂ ಗೊತ್ತಾಗಬೇಕಲ್ಲ?

'ಡಿಯರ್ ಸರ್' ಎಂದಿದ್ದರೆ ಕೊನೆಗೆ 'ಯುವರ್ಸ್ ಫೇತ್‌ಫುಲಿ', ಹೆಸರು ಹಿಡಿದು 'ಡಿಯರ್ ಮಿಸ್ಟರ್ ಭಟ್' ಎಂದಿದ್ದರೆ 'ಯುವರ್ಸ್ ಸಿನ್ಸಿಯರ್ಲಿ'. 'ಯುವರ್ಸ್'ನ 'ಎಸ್' ಹಿಂದೆ ಮೇಲಿನ ಕೊಂಬು (ಅಪಾಸ್ಟ್ರಫಿ) ಹಾಕಬೇಡಿ. ಆ ತಪ್ಪು ಅಕ್ಷಯ ಕೇಂದ್ರದಿಂದ ಹಿಡಿದು ಕಾಲೇಜಿನವರೆಗೆ ಎಲ್ಲೆಲ್ಲೂ ಕಾಣುತ್ತದೆ.

ಇನ್ನೊಂದು ಮಾತು. ಕುಂದುಕೊರತೆಯ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. ಮಲಯಾಳ ಬರೆಯಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹರಕು ಇಂಗ್ಲಿಷಿನಲ್ಲಿ ಬರೆಯಬೇಕಾಗಿಲ್ಲ. ಒಳ್ಳೆಯ ಕನ್ನಡದಲ್ಲಿ ಬರೆದು ಕೊಡಿ.

'ಪ್ರಿಪೋನ್', 'ಔಟ್ ಆಫ್ ಸ್ಟೇಷನ್', 'ಪಾಸ್ಡ್ ಔಟ್'. ಇವು ಇಂಗ್ಲಿಷೇ ಅಲ್ಲ ಎನ್ನುತ್ತಾರೆ.

ಇಂಗ್ಲಿಷೇ, ಆದರೆ ಇಂಡಿಯಾದ ಇಂಗ್ಲಿಷ್. 'ಪ್ರಿಪೋನ್', ಅಂದರೆ ಗೊತ್ತು ಮಾಡಿದ ದಿನಕ್ಕಿಂತ ಮೊದಲೇ ಇಡುವುದು, ಆಕ್ಸ್‌ಫರ್ಡ್ ನಿಘಂಟಿಗೂ ಸೇರಿಯಾಗಿದೆ. ನನ್ನ ಕೇಳಿದರೆ ಒಳ್ಳೆಯ ಶಬ್ದ, ಇಟ್ಟುಕೊಳ್ಳಿ. ಹೊರದೇಶದವರಿಗೆ ಬರೆಯುವಾಗ 'ಬ್ರಿಂಗ್ ಫಾರ್ವರ್ಡ್' ಅನ್ನಿ. ಬ್ರಿಟಿಷ್ ಅಧಿಕಾರಿಗಳು ತಾವು ಕೆಲಸಕ್ಕಿದ್ದ ಊರನ್ನು 'ಸ್ಟೇಷನ್' ಎನ್ನುತ್ತಿದ್ದರು. ವಿದ್ಯಾನಗರದ 'ಸಿವಿಲ್ ಸ್ಟೇಷನ್'ನಲ್ಲಿ ಇರುವುದು ಅದೇ ಸ್ಟೇಷನ್. ಅವರು ಹೋದರು, 'ಔಟ್ ಆಫ್ ಸ್ಟೇಷನ್' ನಮ್ಮಲ್ಲಿ ಉಳಿಯಿತು. ಈಗ 'ಔಟ್ ಆಫ್ ಟೌನ್' ಎನ್ನುವುದು ಎಲ್ಲರಿಗೂ ತಿಳಿಯುತ್ತದೆ.

'ಪಾಸ್ಡ್ ಔಟ್' ಬಗ್ಗೆ ಮಾತ್ರ ಹುಷಾರು. ಹೊರಗಿನವರಿಗೆ ಅದು ಪ್ರಜ್ಞೆ ತಪ್ಪಿತು ಎಂದು ಕೇಳಿಸುತ್ತದೆ. ಬಯೋಡೇಟಾದಲ್ಲಿ 'ಐ ಗ್ರ್ಯಾಜುಯೇಟೆಡ್ ಇನ್ 2021' ಎಂದು ಬರೆಯಿರಿ. 'ಮೈಸೆಲ್ಫ್ ರಮೇಶ್' ಕೂಡ ಬೇಡ, 'ಐ ಆ್ಯಮ್ ರಮೇಶ್' ಸಾಕು. 'ಬ್ಯಾಕ್‌ಸೈಡ್ ಆಫ್ ದ ಸ್ಕೂಲ್' ಖಂಡಿತ ಬೇಡ, 'ಬಿಹೈಂಡ್ ದ ಸ್ಕೂಲ್'. ಕಾರಣ ದೊಡ್ಡವರನ್ನು ಕೇಳಿ.

'ಲೆಂಡ್', 'ಬಾರೋ' ಯಾವಾಗಲೂ ತಿರುಗುಮುರುಗಾಗುತ್ತದೆ.

ಕೊಡುವವರು 'ಲೆಂಡ್', ತೆಗೆದುಕೊಳ್ಳುವವರು 'ಬಾರೋ'. ಸೊಸೈಟಿ ಲೆಂಡ್ ಮಾಡುತ್ತದೆ, ನಾವು ಬಾರೋ ಮಾಡುತ್ತೇವೆ. ಇದೇ ಸಾಲಿನಲ್ಲಿ 'ಅಡ್ವೈಸ್' ಬುದ್ಧಿಮಾತು, 'ಅಡ್ವೈಜ್' ಬುದ್ಧಿ ಹೇಳುವುದು. 'ಲೂಸ್' ಸಡಿಲ, 'ಲೂಜ್' ಕಳಕೊಳ್ಳುವುದು. ನಾವು 'ಜ'ವನ್ನೂ 'ಸ' ಎಂದೇ ಹೇಳುವುದರಿಂದ ಸ್ಪೆಲ್ಲಿಂಗೂ ತಪ್ಪುತ್ತದೆ. ಲೂಸ್‌ಗೆ ಎರಡು 'ಒ', ಲೂಜ್‌ಗೆ ಒಂದೇ.

'ಆ್ಯಂಡ್'ನಿಂದ ವಾಕ್ಯ ಶುರು ಮಾಡಬಾರದು ಎಂದು ನಮ್ಮ ಮಾಷ್ಟ್ರು ಹೊಡೆದಿದ್ದರು.

ಪಾಪ, ಸುಮ್ನೆ ಪೆಟ್ಟು ತಿಂದಿರಿ. 'ಆ್ಯಂಡ್', 'ಬಟ್'ನಿಂದ ವಾಕ್ಯ ಶುರು ಮಾಡಬಹುದು, ಒಳ್ಳೆಯ ಬರಹಗಾರರು ಮಾಡುತ್ತಲೇ ಬಂದಿದ್ದಾರೆ. 'ಹೂ ಆರ್ ಯು ಟಾಕಿಂಗ್ ಟು?' ಎಂದು ಕೊನೆಗೆ 'ಟು' ಬರುವುದೂ ತಪ್ಪಲ್ಲ. ಪರೀಕ್ಷೆಗೆ ಮಾತ್ರ ಪುಸ್ತಕ ಹೇಳಿದ ಹಾಗೆ ಬರೆಯಿರಿ. ಮಾರ್ಕು ಕೊಡುವವರ ಜೊತೆ ವಾದ ಮಾಡಿ ಗೆದ್ದವರಿಲ್ಲ.

ನಮ್ಮ ಊರಿನ ಹೆಸರಿನ ಸ್ಪೆಲ್ಲಿಂಗ್ ಒಂದೊಂದು ಕಡೆ ಒಂದೊಂದು ರೀತಿ. ಯಾವುದು ಬರೆಯುವುದು?

ಫಾರ್ಮ್ ತುಂಬುವಾಗ ಆಧಾರ್ ಅಥವಾ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಆಚೀಚೆ ಇಲ್ಲದೆ. ಜಿಲ್ಲೆಯ ಹೆಸರಿಗೆ ಸರ್ಕಾರಿ ಸ್ಪೆಲ್ಲಿಂಗಿನಲ್ಲಿ ಮೂರು 'ಎ' ಉಂಟು, ಕೊನೆಯದನ್ನು ನುಂಗಬೇಡಿ. ಮಂಜೇಶ್ವರಕ್ಕೆ ಸರ್ಕಾರಿ ಇಂಗ್ಲಿಷಿನಲ್ಲಿ ಕೊನೆಗೊಂದು 'ಎಂ' ಸೇರುತ್ತದೆ. ಫಾರ್ಮಿನಲ್ಲಿ ಅದನ್ನೇ ಬರೆಯಿರಿ. ಕನ್ನಡದಲ್ಲಿ ಬರೆಯುವಾಗ ಮಂಜೇಶ್ವರ ಮಂಜೇಶ್ವರವೇ.

ಸರಿಯಾಗಿ ಬರೆದರೂ ಕಂಪ್ಯೂಟರ್ ಕೆಂಪು ಗೆರೆ ಎಳೆಯುತ್ತದೆ. ಯಾರನ್ನು ನಂಬುವುದು?

ಹೆಚ್ಚಾಗಿ ಅದು ಅಮೆರಿಕದ ಸ್ಪೆಲ್ಲಿಂಗಿಗೆ ಸೆಟ್ ಆಗಿರುತ್ತದೆ. 'ಕಲರ್'ನಲ್ಲಿ 'ಯು' ಹಾಕಿದರೆ ಗೆರೆ, 'ಸೆಂಟರ್' ಕೊನೆಗೆ 'ಆರ್ ಇ' ಬರೆದರೆ ಗೆರೆ. ನಮ್ಮ ಶಾಲೆಗಳಲ್ಲಿ ಕಲಿಸುವುದು ಬ್ರಿಟಿಷ್ ರೀತಿ. ಸೆಟ್ಟಿಂಗ್ಸಿಗೆ ಹೋಗಿ ಭಾಷೆಯನ್ನು ಇಂಡಿಯಾದ ಇಂಗ್ಲಿಷಿಗೆ ಬದಲಾಯಿಸಿ, ಇಂಥ ಗೆರೆಗಳು ಹೋಗುತ್ತವೆ. ಮನೆಹೆಸರು, ಊರಿನ ಹೆಸರಿನ ಕೆಳಗೆ ಇನ್ನೂ ಉಳಿದರೆ ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಡಿಕ್ಷನರಿಗೆ ಸೇರಿಸಿಬಿಡಿ. ಮತ್ತೆ, ಗೆರೆ ಇಲ್ಲ ಎಂದರೆ ವಾಕ್ಯ ಸರಿ ಎಂದಲ್ಲ. 'ಐ ಹ್ಯಾಡ್ ಗಾನ್ ಟು ಮಂಗಳೂರು ಯೆಸ್ಟರ್‌ಡೇ' ಎಂಬುದನ್ನು ಅದು ಹಾಗೇ ಬಿಟ್ಟರೂ ಬಿಡಬಹುದು.